ಐದು ಪೌಂಡ್ ಸಂಬಳ, ಸ್ವಂತ ಸರಕು

ತಿಂಗಳ ಸಂಬಳದ ಕೆಲಸ ಬಿಡದೆ, ಸಂಜೆಯ ಹೊತ್ತು ಮೊಬೈಲಿನಲ್ಲಿ ಸೀರೆ, ಕುರ್ತಾ, ಪಾತ್ರೆಪಡಗ ಮಾರಿ ನಾಲ್ಕು ಕಾಸು ನೋಡುವವರ ಮಾತೆತ್ತಿದರೆ ಎರಡು ಅಭಿಪ್ರಾಯಗಳು ತಟ್ಟನೆ ಮುಂದೆ ಬರುತ್ತವೆ. ಇದು ಈ ಕಾಲದ ಹೊಸ ರೂಢಿ, ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದು ಎಂಬುದು ಒಂದು. ಇದರಲ್ಲಿರುವ ತಕರಾರು ಸಮಯದ್ದು, ಎಂಟು ಗಂಟೆಗೆ ಸಂಬಳ ಕೊಡುವ ಧಣಿಗೆ ನೌಕರನ ಒಂಬತ್ತನೆಯ ಗಂಟೆಯ ಮೇಲೂ ಹಕ್ಕಿದೆಯೇ ಎಂಬ ಜಗಳ ಅದು ಎಂಬುದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಿಲ್ಲ. ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರುವ ಪಕ್ಕದ ವ್ಯಾಪಾರವನ್ನು ಸಂಬಳದ ನೌಕರರು ಬಹಳ ಹಿಂದೆಯೇ, ಇಡೀ ಒಂದು ಸಂಸ್ಥೆಯ ಒಳಗೆ ವ್ಯವಸ್ಥೆಯಾಗಿಯೇ ನಡೆಸಿದ್ದರು. ಆ ಸಂಸ್ಥೆ ಈಸ್ಟ್ ಇಂಡಿಯಾ ಕಂಪನಿ. ನೂರೈವತ್ತಕ್ಕೂ ಹೆಚ್ಚು ವರ್ಷ ಈ ವ್ಯಾಪಾರವನ್ನು ಅದು ಒಮ್ಮೆ ತಡೆಯಿತು, ಒಮ್ಮೆ ಬಿಟ್ಟುಕೊಟ್ಟಿತು, ಮತ್ತೆ ತಡೆಯಿತು. ಆ ಜಗ್ಗಾಟದ ದಾಖಲೆಗಳಲ್ಲಿ ನೌಕರನ ಹೊತ್ತು ಹಾಳಾಗುವ ದೂರು ಎಲ್ಲೋ ಒಂದು ಮೂಲೆಗೆ ಸೇರಿದ್ದು. ನಿಜವಾದ ಜಗಳ ನಡೆದದ್ದು, ನೌಕರನು ತನ್ನ ಸ್ವಂತ ವ್ಯಾಪಾರಕ್ಕೆ ಧಣಿಯ ಯಾವ ವಸ್ತುವನ್ನು ಹೊತ್ತೊಯ್ದ ಎಂಬುದರ ಸುತ್ತ: ಸರಕೇ, ಹಣವೇ, ಸುದ್ದಿಯೇ, ಹೆಸರೇ, ಮುದ್ರೆಯೇ?

ಕಂಪನಿಗೆ 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಸನ್ನದು ಕೊಟ್ಟಳು. ಪೂರ್ವ ದೇಶಗಳೊಂದಿಗೆ ವ್ಯಾಪಾರ ಮಾಡುವ ಹಕ್ಕು ಇಂಗ್ಲೆಂಡಿನಲ್ಲಿ ಅದೊಂದಕ್ಕೇ. ಹಾಗಾಗಿ ಅದರ ನೌಕರರು ಸ್ವಂತಕ್ಕೆ ಸರಕು ಸಾಗಿಸುವುದು ಮೊದಮೊದಲು ನೇರವಾದ ಅಪರಾಧ. ಹಡಗು ಹತ್ತುವ ಮುಂಚೆ ಮುಚ್ಚಳಿಕೆ ಬರೆದುಕೊಟ್ಟು, ಜಾಮೀನು ನಿಲ್ಲಿಸಬೇಕಿತ್ತು. ಆದರೆ ಮುಚ್ಚಳಿಕೆ ಬರೆಸಿಕೊಳ್ಳುವ ಕೈಯೇ ಸಂಬಳವನ್ನೂ ಬರೆಯುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಕೋಠಿಯ, ಅಂದರೆ ಕಂಪನಿಯ ವ್ಯಾಪಾರ ಕೇಂದ್ರದ, ಕೆಳಗಿನ ಮೆಟ್ಟಿಲಾದ ರೈಟರ್ ಹುದ್ದೆಗೆ, ಅಂದರೆ ಲೆಕ್ಕ ಬರೆಯುವ ಗುಮಾಸ್ತನಿಗೆ, ವರ್ಷಕ್ಕೆ ಐದು ಪೌಂಡ್. ಅದರ ಮೇಲಿನ ಫ್ಯಾಕ್ಟರ್‌ಗೆ ಹದಿನೈದು, ಜೂನಿಯರ್ ಮರ್ಚೆಂಟ್‌ಗೆ ಮೂವತ್ತು, ಸೀನಿಯರ್ ಮರ್ಚೆಂಟ್‌ಗೆ ನಲವತ್ತು. 1744ರಲ್ಲಿ ಮದರಾಸಿಗೆ ಬಂದಿಳಿದ ರಾಬರ್ಟ್ ಕ್ಲೈವ್‌ನ ಸಂಬಳವೂ ಆ ಐದು ಪೌಂಡೇ. ಇಷ್ಟು ಹಣಕ್ಕಾಗಿ ಆರು ತಿಂಗಳು ಸಮುದ್ರದ ಮೇಲೆ ಕಳೆದು, ಜ್ವರ ಭೇದಿಗಳಿಗೆ ಅರ್ಧಕ್ಕರ್ಧ ಜನ ಸಾಯುವ ಊರಿಗೆ ಬರಲು ಯಾರಾದರೂ ಒಪ್ಪುತ್ತಾರೆಯೇ? ಒಪ್ಪುತ್ತಿದ್ದರು, ಅದಕ್ಕಾಗಿ ಶಿಫಾರಸು ಹಿಡಿದು ಲಂಡನ್ನಿನಲ್ಲಿ ಸರದಿ ನಿಲ್ಲುತ್ತಿದ್ದರು. ಸಂಬಳ ನೆಪ ಮಾತ್ರ ಎಂಬುದು ಕೊಡುವವನಿಗೂ ಗೊತ್ತಿತ್ತು, ಪಡೆಯುವವನಿಗೂ ಗೊತ್ತಿತ್ತು.

ಈ ಗುಟ್ಟನ್ನು ಕಂಪನಿ 1660 ಮತ್ತು 1670ರ ದಶಕಗಳಲ್ಲಿ ರಟ್ಟು ಮಾಡಿ, ಕಾಯಿದೆಯಾಗಿ ಬರೆಯಿತು. ಏಷ್ಯಾದ ಬಂದರಿನಿಂದ ಏಷ್ಯಾದ ಬಂದರಿಗೆ ನಡೆಯುವ ವ್ಯಾಪಾರವನ್ನು ನೌಕರರು ಸ್ವಂತಕ್ಕೆ ಮಾಡಿಕೊಳ್ಳಬಹುದು, ಇಂಗ್ಲೆಂಡಿಗೆ ಹೋಗುವ ಸರಕಿಗೆ ಮಾತ್ರ ಕೈ ಹಾಕಕೂಡದು, ಅದರಲ್ಲೂ ಕಾಳುಮೆಣಸು ಮತ್ತು ಹತ್ತಿ ಬಟ್ಟೆಯಂಥ ಮುಖ್ಯ ಸರಕುಗಳನ್ನು ಮುಟ್ಟಕೂಡದು ಎಂಬುದು ಅದರ ತಿರುಳು. ಈ ಗೆರೆ ಎಲ್ಲಿ ಬಿತ್ತೆಂಬುದನ್ನು ಗಮನಿಸಬೇಕು. ಸೂರತ್ತಿನಿಂದ ಮೋಖಾಕ್ಕೆ, ಮದರಾಸಿನಿಂದ ಮನಿಲಾಕ್ಕೆ ಹಡಗು ಕಳಿಸುವ ನೌಕರನಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಲಂಡನ್ನಿನ ನಿರ್ದೇಶಕರು ಕೇಳಲಿಲ್ಲ. ಅವನು ಹಗಲೆಲ್ಲ ತನ್ನ ಸರಕಿನ ಚಿಂತೆಯಲ್ಲೇ ಇದ್ದರೂ ಅಡ್ಡಿಯಿರಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದೇ ಭರವಸೆ: ನಮ್ಮ ಗಿರಾಕಿಗೆ ನೀನು ಮಾರಬೇಡ, ನಾವು ಕೊಳ್ಳುವಲ್ಲಿ ನೀನು ಬೆಲೆ ಏರಿಸಬೇಡ.

ಐದು ಪೌಂಡಿನ ಗುಮಾಸ್ತನಿಗೆ ಹಡಗು ತುಂಬುವಷ್ಟು ಬಂಡವಾಳ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಉತ್ತರ ನಮ್ಮವರ ಪೆಟ್ಟಿಗೆಯಲ್ಲಿತ್ತು. ಮದರಾಸಿನಲ್ಲಿ ದುಬಾಷಿಗಳು, ಕಲ್ಕತ್ತೆಯಲ್ಲಿ ಬನಿಯನ್ನರು ಹೊಸದಾಗಿ ಬಂದ ಬಿಳಿಯನ ಮನೆ, ಆಳು, ಭಾಷೆ, ಸಾಲ ಎಲ್ಲದರ ಹೊಣೆ ಹೊರುತ್ತಿದ್ದರು. ಯಾವ ನೇಕಾರ ನಂಬಿಗಸ್ತ, ಯಾವ ಬಂದರಿನಲ್ಲಿ ಯಾವ ತಿಂಗಳು ಯಾವುದಕ್ಕೆ ಬೆಲೆ ಎಂಬುದೂ ಅವರಿಗೇ ಗೊತ್ತು. ಪಾಂಡಿಚೇರಿಯಲ್ಲಿ ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಬಾಷಿಯಾಗಿದ್ದ ಆನಂದರಂಗ ಪಿಳ್ಳೈ 1736ರಿಂದ ಸಾಯುವವರೆಗೆ ಬರೆದಿಟ್ಟ ದಿನಚರಿ ಓದಿದರೆ ಆಡಳಿತದ ಮಾತೂ ವ್ಯಾಪಾರದ ಮಾತೂ ಒಂದೇ ಪುಟದಲ್ಲಿ ಹೆಣೆದುಕೊಂಡಿರುವುದು ಕಾಣುತ್ತದೆ. ಡ್ಯೂಪ್ಲೆ ತಾನೂ ಚಂದ್ರನಗರದಲ್ಲಿದ್ದ ಹತ್ತು ವರ್ಷಗಳಲ್ಲಿ ಹಡಗು ವ್ಯಾಪಾರದಿಂದ ಗಂಟು ಮಾಡಿಕೊಂಡವನೇ. ಹಣ ನಮ್ಮವರದು, ತಿಳಿವಳಿಕೆ ನಮ್ಮವರದು, ಓಡಾಟವೂ ಬಹುಪಾಲು ನಮ್ಮವರದೇ ಎಂದಮೇಲೆ ಆ ಗುಮಾಸ್ತ ಪಾಲುದಾರಿಕೆಗೆ ತಂದದ್ದೇನು? ಕಂಪನಿಯ ನೌಕರ ಎಂಬ ಹೆಸರು. ಆ ಹೆಸರಿದ್ದರೆ ಕಂಪನಿಯ ಹಡಗಿನಲ್ಲಿ ಜಾಗ, ಕಂಪನಿಯ ಕೋಟೆಯ ರಕ್ಷಣೆ, ಸುಂಕದವನ ಮುಂದೆ ಒಂದು ಗತ್ತು. ಬನಿಯನ್ ಸಾಲ ಕೊಡುತ್ತಿದ್ದುದು ಆ ಹುಡುಗನ ವ್ಯಾಪಾರ ಬುದ್ಧಿಗಲ್ಲ, ಅವನ ಕೋಟಿನ ಗುಂಡಿಗೆ.

ದೊಡ್ಡ ಮೀನುಗಳ ಕಥೆ ಪ್ರಸಿದ್ಧವಾದದ್ದೇ. 1687ರಿಂದ ಮದರಾಸಿನ ಗವರ್ನರ್ ಆಗಿದ್ದ ಎಲಿಹು ಯೇಲ್‌ನನ್ನು 1692ರಲ್ಲಿ ಕಂಪನಿ ತೆಗೆದುಹಾಕಿದ್ದು ಸ್ವಂತ ವ್ಯಾಪಾರದಲ್ಲಿ ಕಂಪನಿಗೆ ದ್ರೋಹ ಬಗೆದನೆಂಬ ಆಪಾದನೆಗಳ ನಡುವೆ. ಅವನು ಇಂಗ್ಲೆಂಡಿಗೆ ಮರಳಿ, 1718ರಲ್ಲಿ ಅಮೆರಿಕದ ಕನೆಕ್ಟಿಕಟ್ಟಿನ ಒಂದು ಸಣ್ಣ ವಿದ್ಯಾಲಯಕ್ಕೆ ಪುಸ್ತಕಗಳ ಜೊತೆ ಒಂಬತ್ತು ಬೇಲು ಸರಕು ಕಳಿಸಿದ. ಅದನ್ನು ಮಾರಿ ಬಂದ 560 ಪೌಂಡಿಗೂ ಮಿಗಿಲಾದ ಹಣಕ್ಕೆ ಆ ಕಾಲೇಜು ಇಂದಿಗೂ ಅವನ ಹೆಸರು ಹೊತ್ತಿದೆ. ಥಾಮಸ್ ಪಿಟ್‌ನದು ಇನ್ನೂ ಸೊಗಸು. ಕಂಪನಿಯ ಏಕಸ್ವಾಮ್ಯ ಮುರಿದು ಕಳ್ಳವ್ಯಾಪಾರ ಮಾಡುತ್ತಿದ್ದವನು ಇವನು. ಹಿಡಿದು ಹಿಡಿದು ಸಾಕಾಗಿ ಕಂಪನಿ 1698ರಲ್ಲಿ ಇವನನ್ನೇ ಮದರಾಸಿನ ಗವರ್ನರ್ ಮಾಡಿತು. ಕೃಷ್ಣಾ ತೀರದ ಗಣಿಗಳಿಂದ ಬಂದ 410 ಕ್ಯಾರಟ್ಟಿನ ಒರಟು ವಜ್ರವೊಂದನ್ನು ಅವನು ಜಾಮಚಂದ್ ಎಂಬ ವ್ಯಾಪಾರಿಯಿಂದ 48,000 ವರಹಕ್ಕೆ, ಅಂದರೆ ಸುಮಾರು 20,000 ಪೌಂಡಿಗೆ, ಕೊಂಡ. ಕಡೆಸಿ, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದ್ದು 1,35,000 ಪೌಂಡಿಗೆ. ಆ ವಜ್ರ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಇಂಥ ಕಥೆಗಳಿಗೆ ಬಣ್ಣ ಹೆಚ್ಚು, ಸಾಕ್ಷ್ಯದ ತೂಕ ಕಡಿಮೆ. ಆದರೂ ಒಂದು ವಿಷಯ ತಿಳಿಯುತ್ತದೆ. ಯೇಲ್‌ನ ಮೇಲೆ ಬಂದ ದೂರು ಅವನು ಶ್ರೀಮಂತನಾದನೆಂದಲ್ಲ. ಕಂಪನಿಯ ಹಣ ಮತ್ತು ಅಧಿಕಾರವನ್ನು ತನ್ನ ಖರೀದಿಗೆ ಬಳಸಿದನೆಂದು. ವಜ್ರ ಕಂಪನಿಯ ಸರಕಾಗಿರಲಿಲ್ಲವಾದ್ದರಿಂದ ಪಿಟ್‌ನ ಲಾಭಕ್ಕೆ ಲಂಡನ್ನಿನ ಸಮಾಜ ಗೊಣಗಿತೇ ಹೊರತು ಕಂಪನಿ ಅದನ್ನು ಅಪರಾಧವೆಂದು ಎಣಿಸಲಿಲ್ಲ.

ನಮ್ಮ ಕರಾವಳಿಯ ಕಾರವಾರದಲ್ಲೂ ಇಂಗ್ಲಿಷರ ಕೋಠಿಯಿತ್ತು. 1638ರಲ್ಲಿ ಅದನ್ನು ತೆರೆದವರು ಈಸ್ಟ್ ಇಂಡಿಯಾ ಕಂಪನಿಯ ಎದುರಾಳಿಗಳಾದ ಕೋರ್ಟೀನ್ ಕೂಟದವರು. ಆಮೇಲೆ ಅದು ಕಂಪನಿಯ ಕೈಸೇರಿತು. ಅಲ್ಲಿಂದ ಹಡಗು ಹತ್ತುತ್ತಿದ್ದುದು ಮಲೆನಾಡಿನ ಕಾಳುಮೆಣಸು, ಏಲಕ್ಕಿ, ಮತ್ತು ಘಟ್ಟದ ಮೇಲೆ ಹುಬ್ಬಳ್ಳಿಯ ಸುತ್ತಮುತ್ತ ನೇಯ್ದ ನಯವಾದ ಬಟ್ಟೆ. ಹಳೆಯ ಗೆಜೆಟಿಯರ್ ಆ ನೇಕಾರರ ಸಂಖ್ಯೆಯನ್ನು 50,000 ಎನ್ನುತ್ತದೆ. ಅಷ್ಟಿತ್ತೋ ಇಲ್ಲವೋ, ಶಿವಾಜಿಯ ಪಡೆ 1673ರಲ್ಲಿ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಇಂಗ್ಲಿಷರು ತಮ್ಮ ನಷ್ಟಕ್ಕೆ ಪರಿಹಾರ ಕೇಳುತ್ತ ಕೂತದ್ದು ಮಾತ್ರ ನಿಜ. ಮೆಣಸು ಮತ್ತು ಬಟ್ಟೆ ಎರಡೂ ಕಂಪನಿ ತನಗೆಂದು ಕಾಯ್ದಿಟ್ಟುಕೊಂಡ ಸರಕುಗಳು. ಹಾಗಾಗಿ ಕಾರವಾರದಂಥ ಕೋಠಿಯಲ್ಲಿ ಕೂತ ನೌಕರನ ಕಣ್ಣೆದುರು ದಿನವೂ ಹಾದುಹೋಗುತ್ತಿದ್ದುದು ತಾನು ಯೂರೋಪಿಗೆ ಕಳಿಸಬಾರದ ಮಾಲು. ಅದರ ಊರ ಬೆಲೆ ಅವನಿಗೆ ಗೊತ್ತು, ಲಂಡನ್ನಿನ ಬೆಲೆಯೂ ಗೊತ್ತು. ಎರಡನ್ನೂ ತಿಳಿದದ್ದು ಕಂಪನಿಯ ಪತ್ರಗಳಿಂದ. ಕಚೇರಿಯಲ್ಲಿ ಕಲಿತ ಬೆಲೆ ಯಾರ ಸ್ವತ್ತು? ಈ ಪ್ರಶ್ನೆಗೆ ಮುಚ್ಚಳಿಕೆಯಲ್ಲಿ ಉತ್ತರವಿರಲಿಲ್ಲ. ಇಂದಿನ ನೇಮಕಾತಿ ಪತ್ರಗಳಲ್ಲೂ ಅದಕ್ಕೆ ಸರಿಯಾದ ಉತ್ತರ ಸಿಗುವುದು ಅಪರೂಪ.

ಬಂಗಾಳದಲ್ಲಿ ನಡೆದದ್ದು ಮಾತ್ರ ಬೆಲೆಯ ಸುದ್ದಿಯನ್ನು ದಾಟಿ ನೇರವಾಗಿ ಮುದ್ರೆಯನ್ನೇ ಕದ್ದ ಕಥೆ. 1717ರಲ್ಲಿ ಮೊಗಲ್ ದೊರೆ ಫರೂಕ್‌ಸಿಯರ್ ಕೊಟ್ಟ ಫರ್ಮಾನಿನ ಪ್ರಕಾರ ವರ್ಷಕ್ಕೆ 3,000 ರೂಪಾಯಿ ಕಟ್ಟಿದರೆ ಕಂಪನಿಯ ಸರಕಿಗೆ ಬಂಗಾಳದಲ್ಲಿ ಸುಂಕವಿಲ್ಲ. ಸರಕಿನ ಜೊತೆ ಕಂಪನಿಯ ಮುಖ್ಯಸ್ಥ ಸಹಿ ಹಾಕಿದ ದಸ್ತಕ್ ಎಂಬ ರಹದಾರಿ ಹೋಗಬೇಕು. ಅದನ್ನು ತೋರಿಸಿದರೆ ಚೌಕಿಯಲ್ಲಿ ದೋಣಿ ನಿಲ್ಲಿಸುವಂತಿಲ್ಲ. ಕಂಪನಿಯ ಸರಕಿಗಾಗಿ ಹುಟ್ಟಿದ ಈ ಚೀಟಿ ನೌಕರರ ಸ್ವಂತ ಸರಕಿಗೂ ಅಂಟಿಕೊಂಡಿತು. ಆಮೇಲೆ ಚೀಟಿಯೇ ಮಾರಾಟದ ಸರಕಾಯಿತು, ಊರಿನ ವರ್ತಕರು ದುಡ್ಡು ಕೊಟ್ಟು ಅದನ್ನು ಕೊಂಡು ಸುಂಕ ತಪ್ಪಿಸತೊಡಗಿದರು. 1757ರ ಪ್ಲಾಸಿ ಕದನದಲ್ಲಿ ಕಂಪನಿ ಗೆದ್ದ ನಂತರ ತಡೆಯುವ ಕೈಯೇ ಇಲ್ಲವಾಯಿತು. ಉಪ್ಪು, ಅಡಿಕೆ, ತಂಬಾಕು, ಅಕ್ಕಿಯಂಥ ಒಳನಾಡಿನ ದಿನಬಳಕೆಯ ವ್ಯಾಪಾರಕ್ಕೂ ಇಂಗ್ಲಿಷ್ ನೌಕರರ ಗುಮಾಸ್ತರು ನುಗ್ಗಿದರು. ಬಾವುಟ ಹಾರಿಸಿಕೊಂಡು ಬಂದು ಹೇಳಿದ ಬೆಲೆಗೆ ಕೊಡಿಸಿಕೊಂಡು, ಹೇಳಿದ ಬೆಲೆಗೆ ಕೊಳ್ಳುವಂತೆ ಮಾಡಿದರು.

ಕಂಪನಿಯವರೇ 1760ರಲ್ಲಿ ಗದ್ದುಗೆಗೆ ಏರಿಸಿದ ನವಾಬ ಮೀರ್ ಕಾಸಿಂ ಇದನ್ನು ನುಂಗಿಕೊಳ್ಳಲಿಲ್ಲ. ಗವರ್ನರ್ ವ್ಯಾನ್ಸಿಟಾರ್ಟ್ ಅವನೊಂದಿಗೆ ಕೂತು, ನೌಕರರ ಸ್ವಂತ ಸರಕಿಗೆ ನೂರಕ್ಕೆ ಒಂಬತ್ತರಂತೆ ಸುಂಕ ಎಂದು ಒಪ್ಪಂದ ಮಾಡಿಕೊಂಡ. ದೇಶೀಯ ವರ್ತಕರು ಕಟ್ಟುತ್ತಿದ್ದುದಕ್ಕೆ ಹೋಲಿಸಿದರೆ ಅದು ಬಲು ಅಗ್ಗ. ಆದರೆ ಕಲ್ಕತ್ತೆಯ ಕೌನ್ಸಿಲ್ಲಿನ ಸದಸ್ಯರಿಗೆ ಅಗ್ಗವೂ ದುಬಾರಿಯೇ, ಏಕೆಂದರೆ ಸರಕು ಅವರದೇ. ಒಪ್ಪಂದವನ್ನು ಅವರು ತಿರಸ್ಕರಿಸಿ, ಉಪ್ಪೊಂದಕ್ಕೆ ಎರಡೂವರೆ ಕೊಡುತ್ತೇವೆಂದರು. ಆಗ ಮೀರ್ ಕಾಸಿಂ ಮಾಡಿದ್ದು ಅಪ್ಪಟ ವ್ಯಾಪಾರಿ ತರ್ಕದ ಕೆಲಸ: 1763ರಲ್ಲಿ ಎಲ್ಲರಿಗೂ, ಎಲ್ಲ ಸರಕಿಗೂ ಒಳನಾಡಿನ ಸುಂಕವನ್ನೇ ತೆಗೆದುಹಾಕಿದ. ಈಗ ಇಂಗ್ಲಿಷರೂ ಊರಿನ ವರ್ತಕರೂ ಸಮ. ಸುಂಕವಿಲ್ಲದ ವ್ಯಾಪಾರ ಬೇಕೆನ್ನುತ್ತಿದ್ದವರು ಸಂತೋಷಪಡಬೇಕಿತ್ತಲ್ಲವೇ? ಅವರು ಸಿಡಿದೆದ್ದರು, ಯುದ್ಧಕ್ಕೆ ಹೊರಟರು. 1764ರ ಅಕ್ಟೋಬರಿನ ಬಕ್ಸಾರ್ ಕದನದವರೆಗೆ ಹೋದ ಆ ಜಗಳದ ಬೇರು ಇಲ್ಲಿದೆ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆ ನೌಕರರ ಲಾಭ ವ್ಯಾಪಾರದಿಂದ ಹುಟ್ಟಿದ್ದಾಗಿದ್ದರೆ ಸುಂಕ ಎಲ್ಲರಿಗೂ ಹೋದ ಮೇಲೂ ಅದು ಉಳಿಯುತ್ತಿತ್ತು. ಅದು ಹುಟ್ಟುತ್ತಿದ್ದುದು ಮುದ್ರೆಯಿಂದ; ಮುದ್ರೆಗೆ ಬೆಲೆಯಿಲ್ಲವಾದ ಕ್ಷಣವೇ ಅವರ ಅಂಗಡಿ ಬರಿದಾಯಿತು.

1765ರಲ್ಲಿ ಬಂಗಾಳದ ಗವರ್ನರ್ ಆಗಿ ಮರಳಿ ಬಂದ ಕ್ಲೈವ್ ಇದನ್ನು ಸರಿಪಡಿಸಲು ಹಿಡಿದ ದಾರಿ ವಿಚಿತ್ರವಾದದ್ದು. ಉಪ್ಪು, ಅಡಿಕೆ, ತಂಬಾಕುಗಳ ವ್ಯಾಪಾರವನ್ನು ಹಿರಿಯ ನೌಕರರ ಒಂದು ಸಂಘಕ್ಕೆ ಒಪ್ಪಿಸಿ, ಹುದ್ದೆಗೆ ತಕ್ಕಂತೆ ಪಾಲು ಹಂಚಿದ. ಸಂಬಳ ಏರಿಸಲು ಲಂಡನ್ ಒಪ್ಪದಿದ್ದರೆ ಸಂಬಳವನ್ನು ಬಂಗಾಳದ ಉಪ್ಪಿನಿಂದಲೇ ತೆಗೆಯೋಣ ಎಂಬ ಲೆಕ್ಕ. ನಿರ್ದೇಶಕರು ಒಪ್ಪಲಿಲ್ಲ, 1768ರ ಹೊತ್ತಿಗೆ ಸಂಘ ಮುಚ್ಚಿತು. ಅದೇ ವರ್ಷ ವಿಲಿಯಂ ಬೋಲ್ಟ್ಸ್ ಎಂಬ ಮಾಜಿ ನೌಕರನನ್ನು ಕಲ್ಕತ್ತೆಯಿಂದ ಹಿಡಿದು ಇಂಗ್ಲೆಂಡಿಗೆ ಸಾಗಹಾಕಲಾಯಿತು. ಸ್ವಂತ ವ್ಯಾಪಾರದಲ್ಲಿ ತಾನೇ ಮುಳುಗೆದ್ದಿದ್ದ ಈತ 1772ರಲ್ಲಿ ಪುಸ್ತಕ ಬರೆದು, ಕಂಪನಿಯ ಗುಮಾಸ್ತರು ನೇಕಾರರನ್ನು ಹಿಂಡುವ ಬಗೆಯನ್ನು ಬಯಲಿಗೆಳೆದ. ಕಳ್ಳನ ಸಾಕ್ಷಿಯಾದರೂ ಲಂಡನ್ನಿನಲ್ಲಿ ಅದಕ್ಕೆ ಕಿವಿ ಸಿಕ್ಕಿತು. ಮರುವರ್ಷ ಬಂದ ರೆಗ್ಯುಲೇಟಿಂಗ್ ಕಾಯ್ದೆ ಗವರ್ನರ್ ಜನರಲ್‌ಗೆ 25,000 ಪೌಂಡ್, ಕೌನ್ಸಿಲ್ ಸದಸ್ಯರಿಗೆ ತಲಾ 10,000 ಪೌಂಡ್ ಸಂಬಳ ಕೊಟ್ಟು, ಅವರಿಗೆ ಉಡುಗೊರೆಯನ್ನೂ ವ್ಯಾಪಾರವನ್ನೂ ನಿಷೇಧಿಸಿತು; ಕಂದಾಯದ ಅಧಿಕಾರಿಗಳಿಗೂ ವ್ಯಾಪಾರ ಬೇಡವೆಂದಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಇಷ್ಟೆಲ್ಲಕ್ಕೂ ಕಾರಣ ಕಡಿಮೆ ಸಂಬಳ, ಹೊಟ್ಟೆ ತುಂಬ ಕೊಟ್ಟಿದ್ದರೆ ಯಾರೂ ಪಕ್ಕದ ವ್ಯಾಪಾರಕ್ಕೆ ಹೋಗುತ್ತಿರಲಿಲ್ಲ ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಕಾರ್ನ್‌ವಾಲಿಸ್ ನಂಬಿದ್ದೂ ಇದನ್ನೇ. ಕಲೆಕ್ಟರನಿಗೆ ತಿಂಗಳಿಗೆ 1,500 ರೂಪಾಯಿ ಮತ್ತು ವಸೂಲಾದ ಕಂದಾಯದಲ್ಲಿ ಒಂದು ಪಾಲು ಕಮಿಷನ್ ಗೊತ್ತು ಮಾಡಿ, ಆಡಳಿತದವರನ್ನೂ ವ್ಯಾಪಾರದವರನ್ನೂ ಬೇರೆ ಬೇರೆ ಮಾಡಿದ. ಈ ಸುಧಾರಣೆ ಕೆಲಸ ಮಾಡಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ, ಅದರಲ್ಲಿ ಸತ್ಯವೂ ಇದೆ. ಆದರೆ ಹಣ ಎಲ್ಲಿಗೆ ಹೋಯಿತೆಂದು ನೋಡಿದರೆ ಚಿತ್ರ ಬದಲಾಗುತ್ತದೆ. ಕಂಪನಿಯ ಕೆಲಸ ಬಿಟ್ಟುಬಂದವರು ಕಲ್ಕತ್ತೆಯಲ್ಲಿ ತೆರೆದ ಏಜೆನ್ಸಿ ಹೌಸ್‌ಗಳೆಂಬ ವ್ಯಾಪಾರಿ ಸಂಸ್ಥೆಗಳಲ್ಲಿ ಸೇವೆಯಲ್ಲಿದ್ದವರು ತಮ್ಮ ಉಳಿತಾಯ ಇಟ್ಟರು. ನೀಲಿ, ಅಫೀಮು, ಹಡಗು ಎಲ್ಲ ಆ ಹಣದ ಮೇಲೆ ನಡೆಯಿತು. 1830ರಲ್ಲಿ ಪಾಮರ್ ಕಂಪನಿ ದಿವಾಳಿಯೆದ್ದು, ಮುಂದಿನ ನಾಲ್ಕು ವರ್ಷಗಳಲ್ಲಿ ಉಳಿದ ದೊಡ್ಡ ಸಂಸ್ಥೆಗಳೂ ಮುಗ್ಗರಿಸಿದಾಗ ಅನೇಕ ಅಧಿಕಾರಿಗಳ ಗಂಟು ಕರಗಿತು. ಸಂಬಳ ಏರಿದರೂ ವ್ಯಾಪಾರದ ಆಸೆ ಹೋಗಲಿಲ್ಲ ಎಂದಾಯಿತು. ನಿಂತದ್ದು ಮುದ್ರೆ ಹಿಡಿದು ವ್ಯಾಪಾರಕ್ಕೆ ಇಳಿಯುವುದು ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ಜೊತೆಗೆ ಈ ದೊಡ್ಡ ಸಂಬಳ ಬಿಳಿಯರಿಗಷ್ಟೇ ಮೀಸಲು ಎಂಬುದನ್ನು ಮರೆಯಬಾರದು. ವರ್ಷಕ್ಕೆ 500 ಪೌಂಡಿಗಿಂತ ಮೇಲಿನ ಹುದ್ದೆಗಳಿಗೆ ಭಾರತೀಯರನ್ನು ಸೇರಿಸಕೂಡದೆಂದು ಅದೇ ಕಾರ್ನ್‌ವಾಲಿಸ್ ಬಾಗಿಲು ಹಾಕಿದ.

ಪೂರ್ತಿ ನಿಷೇಧವೇ ಮದ್ದು ಎನ್ನುವವರಿಗೆ ಡಚ್ಚರ ಕಂಪನಿಯ ಕಡೆ ಬೊಟ್ಟು ಮಾಡಬಹುದು. ಅದು ಇಂಗ್ಲಿಷರಂತೆ ನೌಕರರಿಗೆ ಬಂದರಿನಿಂದ ಬಂದರಿನ ವ್ಯಾಪಾರವನ್ನು ಬಿಟ್ಟುಕೊಡಲಿಲ್ಲ. ಸಂಬಳ ಕಡಿಮೆ, ನಿಷೇಧ ಕಟ್ಟುನಿಟ್ಟು. ಫಲವಾಗಿ ಎಲ್ಲವೂ ಕದ್ದುಮುಚ್ಚಿ ನಡೆಯಿತು. ಕಡೆಗೆ 1745ರಲ್ಲಿ ಬಟೇವಿಯಾದಲ್ಲಿ ಅಫೀಮಿನ ವ್ಯಾಪಾರಕ್ಕೆ ಒಂದು ಸಂಘವನ್ನು ಕಟ್ಟಿ, ನೌಕರರೇ ಷೇರು ಕೊಳ್ಳುವಂತೆ ಮಾಡಿ, ಕಳ್ಳಸಾಗಣೆಯನ್ನು ಕಂಪನಿ ತನ್ನ ಲೆಕ್ಕದೊಳಕ್ಕೆ ತಂದುಕೊಳ್ಳಬೇಕಾಯಿತು. ಇನ್ನೊಂದು ಕಡೆ, ಸಮಾಜವಿಜ್ಞಾನಿ ಎಮಿಲಿ ಎರಿಕ್ಸನ್ ಇಂಗ್ಲಿಷ್ ಹಡಗುಗಳ ಸಾವಿರಾರು ಯಾನಗಳ ದಾಖಲೆ ಕಲೆಹಾಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ವಾದ ಇದು: ಕ್ಯಾಪ್ಟನ್ನರು ತಮ್ಮ ಸರಕಿಗಾಗಿ ದಾರಿ ಬದಲಿಸಿ ಹೊಸ ಹೊಸ ಬಂದರುಗಳಿಗೆ ನುಗ್ಗಿದ್ದರಿಂದಲೇ ಕಂಪನಿಗೆ ಮಾರುಕಟ್ಟೆಯ ಸುದ್ದಿ ತಿಳಿಯುತ್ತಿತ್ತು, ವ್ಯಾಪಾರದ ಜಾಲ ಬೆಳೆಯಿತು. ಈ ವಾದ ನನಗೆ ಒಪ್ಪಿಗೆಯೇ, ಒಂದು ತಿದ್ದುಪಡಿಯೊಂದಿಗೆ. ಹಡಗಿನ ಕ್ಯಾಪ್ಟನ್ ಧಣಿಗೆ ಹೊಸ ಸುದ್ದಿ ತರುತ್ತಿದ್ದ. ಬಂಗಾಳದ ಒಳನಾಡಿನಲ್ಲಿ ದಸ್ತಕ್ ತೋರಿಸಿದ ಗುಮಾಸ್ತ ಧಣಿಯ ಮರ್ಯಾದೆಯನ್ನು ಹರಾಜಿಗಿಟ್ಟ. ಇಬ್ಬರೂ ಪಕ್ಕದ ವ್ಯಾಪಾರ ಮಾಡಿದವರೇ. ಇಬ್ಬರಿಗೂ ಒಂದೇ ಹೆಸರಿಟ್ಟರೆ ವಿಷಯ ಅರ್ಥವಾಗುವುದಿಲ್ಲ.

ಈ ಹಳೆಯ ಜಗಳದ ಗುರುತು ನಮ್ಮ ಕಾನೂನಿನಲ್ಲಿ ಹಾಗೇ ಉಳಿದಿದೆ. ಮೆಕಾಲೆಯ ನೇತೃತ್ವದಲ್ಲಿ ಕರಡಾಗಿ 1860ರಲ್ಲಿ ಬಂದ ಭಾರತೀಯ ದಂಡಸಂಹಿತೆಯ 168ನೇ ಕಲಂ, ವ್ಯಾಪಾರ ಮಾಡಕೂಡದೆಂಬ ಕಟ್ಟಿಗೆ ಒಳಪಟ್ಟ ಸರ್ಕಾರಿ ನೌಕರ ವ್ಯಾಪಾರ ಮಾಡಿದರೆ ಒಂದು ವರ್ಷದವರೆಗೆ ಸಾದಾ ಸಜೆ ಎಂದಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು 202ನೇ ಕಲಮಾಗಿ ಮುಂದುವರಿದಿದೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 15ನೆಯದು ಅನುಮತಿಯಿಲ್ಲದೆ ವ್ಯಾಪಾರ ಬೇಡವೆನ್ನುತ್ತದೆ. ಕರ್ನಾಟಕದ 1966ರ ನಿಯಮಗಳೂ, 2021ರಲ್ಲಿ ಹೊಸದಾಗಿ ಬಂದವೂ ಅದೇ ಜಾಡಿನವು. ಆ 15ನೇ ನಿಯಮವನ್ನು ನಿಧಾನವಾಗಿ ಓದಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. ನೌಕರ ಬಿಡುವಿನಲ್ಲಿ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸ ಮಾಡಬಹುದು, ಅದಕ್ಕೆ ಮುಂಗಡ ಅನುಮತಿ ಬೇಡ. ಕಾದಂಬರಿ ಬರೆಯಲು ಸೀರೆ ಮಾರುವುದಕ್ಕಿಂತ ಕಡಿಮೆ ಹೊತ್ತು ಸಾಕೇ? ಖಂಡಿತ ಇಲ್ಲ. ಅದೇ ನಿಯಮ, ಹೆಂಡತಿಯೋ ಮನೆಯ ಬೇರೆ ಯಾರೋ ನಡೆಸುವ ವಿಮಾ ಏಜೆನ್ಸಿ, ಕಮಿಷನ್ ಏಜೆನ್ಸಿಗಳಿಗೆ ನೌಕರ ಗಿರಾಕಿ ಹುಡುಕಿಕೊಡುವುದನ್ನು ಉಲ್ಲಂಘನೆಯೆಂದು ಬಿಡಿಸಿ ಹೇಳುತ್ತದೆ. ಹೆಂಡತಿ ಏಜೆಂಟಳಾದರೆ ತಪ್ಪಿಲ್ಲ, ಸರ್ಕಾರಕ್ಕೆ ತಿಳಿಸಿದರೆ ಸಾಕು; ಸಾಹೇಬರ ಮುಖ ನೋಡಿ ಗುತ್ತಿಗೆದಾರ ಪಾಲಿಸಿ ಮಾಡಿಸಿದರೆ ತಪ್ಪು. ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಬನಿಯನ್ ಕಾಂತಬಾಬು ಕಂದಾಯದ ಗುತ್ತಿಗೆ ಹಿಡಿದದ್ದು ಹೇಸ್ಟಿಂಗ್ಸ್‌ನ ಮಹಾಭಿಯೋಗದಲ್ಲಿ ಆಪಾದನೆಯಾದದ್ದನ್ನು ಬಲ್ಲವರಿಗೆ ಈ ವಾಕ್ಯ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಸಮಯದ ತಕರಾರು ಸುಳ್ಳೆಂದು ನಾನು ಹೇಳುತ್ತಿಲ್ಲ. ದೇಹ ದಣಿಯುವ ಕೆಲಸದಲ್ಲಿ ಅದು ನಿಜವಾದ ಪ್ರಶ್ನೆ. ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಇನ್ನೊಂದು ಕಾರ್ಖಾನೆಯಲ್ಲಿ ದುಡಿಯಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 60ನೇ ಕಲಂ ಹೇಳಿದ್ದು ಕಾರ್ಮಿಕನ ಕೈ ಯಂತ್ರಕ್ಕೆ ಸಿಗಬಾರದೆಂದು. ರಾತ್ರಿಯೆಲ್ಲ ಪಾರ್ಸೆಲ್ ಕಟ್ಟಿದ ಬಸ್ ಚಾಲಕನ ಹಿಂದೆ ಕೂರಲು ನನಗೂ ಇಷ್ಟವಿಲ್ಲ. ಆದರೆ ಇಂಥ ಕಾಳಜಿಗೆ ಅಳತೆಯಿದೆ: ಕೆಲಸ ಕೆಟ್ಟಿತೇ ಎಂದು ನೋಡಿ ಹೇಳಬಹುದು. ಕಚೇರಿಗಳು ಸಮಯದ ಮಾತೆತ್ತುವಾಗ ಬಹುಮಟ್ಟಿಗೆ ಈ ಅಳತೆಯ ಗೋಜಿಗೆ ಹೋಗುವುದಿಲ್ಲ. 2022ರಲ್ಲಿ ಬೆಂಗಳೂರಿನ ಐಟಿ ವಲಯದಲ್ಲಿ ಎದ್ದ ಮೂನ್‌ಲೈಟಿಂಗ್ ಗದ್ದಲವನ್ನೇ ತೆಗೆದುಕೊಳ್ಳಿ. ಆಗಸ್ಟಿನಲ್ಲಿ ಸ್ವಿಗ್ಗಿ ತನ್ನ ನೌಕರರಿಗೆ ಪಕ್ಕದ ಕೆಲಸಕ್ಕೆ ಅನುಮತಿ ಕೊಡುವ ನೀತಿ ಪ್ರಕಟಿಸಿತು. ವಿಪ್ರೋದ ರಿಷದ್ ಪ್ರೇಮ್‌ಜಿ ಮೂನ್‌ಲೈಟಿಂಗ್ ಮೋಸವೆಂದರು, ಸೆಪ್ಟೆಂಬರಿನಲ್ಲಿ 300 ಮಂದಿಯನ್ನು ತೆಗೆದದ್ದಾಗಿ ತಿಳಿಸಿದರು. ಮಾತು ನಿಷ್ಠೆಯದೂ ಹೊತ್ತಿನದೂ ಆಗಿ ಸುತ್ತಿತು. ತೆಗೆದುಹಾಕಿದ್ದಕ್ಕೆ ಕೊಟ್ಟ ಕಾರಣ ಮಾತ್ರ ಬೇರೆ: ಅವರು ಎದುರಾಳಿ ಕಂಪನಿಗಳಿಗೆ ಕೆಲಸ ಮಾಡುತ್ತಿದ್ದರು. ಮೊದಲು ಎಚ್ಚರಿಕೆಯ ಪತ್ರ ಕಳಿಸಿದ್ದ ಇನ್ಫೋಸಿಸ್ ಅಕ್ಟೋಬರಿನಲ್ಲಿ ದಾರಿ ತೆರೆದು, ಮೇಲಿನವರ ಒಪ್ಪಿಗೆ ಪಡೆದು, ಕಂಪನಿಗೂ ಅದರ ಗಿರಾಕಿಗಳಿಗೂ ಪೈಪೋಟಿಯಾಗದ ಸಣ್ಣಪುಟ್ಟ ಕೆಲಸ ಮಾಡಬಹುದೆಂದಿತು. 1670ರ ದಶಕದಲ್ಲಿ ಲಂಡನ್ ಎಳೆದ ಗೆರೆಗೂ ಇದಕ್ಕೂ ಅಂತರ ಕಂಡರೆ ಹೇಳಿ.

ಲೂಟಿಕೋರರ ಕಥೆಯನ್ನು ಮನೆಯಲ್ಲಿ ಕೂತು ನೈಟಿ ಮಾರುವ ಶಾಲಾ ಶಿಕ್ಷಕಿಗೆ ಹೋಲಿಸುವುದು ಅನ್ಯಾಯ ಎಂದು ಯಾರಾದರೂ ಆಕ್ಷೇಪಿಸಬಹುದು. ಅಳತೆಯಲ್ಲಿ ಖಂಡಿತ ಅನ್ಯಾಯವೇ. ಆದರೆ ಪರೀಕ್ಷೆ ಅವಳಿಗೂ ಅದೇ, ಮತ್ತು ಅದು ಬಹಳ ಸಲ ಅವಳ ಪರವಾಗಿಯೇ ತೀರ್ಪು ಕೊಡುತ್ತದೆ. ಅವಳು ಮಾರುವ ಬಟ್ಟೆಗೂ ಶಾಲೆಗೂ ಸಂಬಂಧವಿಲ್ಲ. ಕೊಳ್ಳುವವರು ತನ್ನ ತರಗತಿಯ ಮಕ್ಕಳ ತಾಯಂದಿರಾದರೆ ಮಾತ್ರ ಸಣ್ಣದೊಂದು ದಸ್ತಕ್ ಅಲ್ಲಿ ಕಾಣಿಸಿಕೊಳ್ಳುತ್ತದೆ. ಅವರು ಬೇಡವೆನ್ನಲು ಹಿಂಜರಿಯುತ್ತಾರೆ. ಖಾಸಗಿ ಕಂಪನಿಯ ಖರೀದಿ ವಿಭಾಗದವನು ಹಳೆಯ ಕ್ಯಾಮೆರಾ ಮಾರಿದರೆ ಯಾರ ಗಂಟೂ ಹೋಗುವುದಿಲ್ಲ. ಕಂಪನಿಗೆ ಸರಕು ಕೊಡುವವನಿಂದಲೇ ಅಗ್ಗಕ್ಕೆ ತರಿಸಿ ಮಾರಿದರೆ ಹೋಗುತ್ತದೆ. ಇಂಟರ್ನೆಟ್ಟಿನ ಮರುಮಾರಾಟದ ದೊಡ್ಡ ಹೆಸರಾದ ಈಬೇ ಹುಟ್ಟಿದ್ದು ಕೂಡ ಪಕ್ಕದ ಕೆಲಸವಾಗಿಯೇ. 1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಕ್ಯಾಲಿಫೋರ್ನಿಯಾದ ಜನರಲ್ ಮ್ಯಾಜಿಕ್ ಕಂಪನಿಯಲ್ಲಿ ಸಂಬಳಕ್ಕಿದ್ದುಕೊಂಡೇ ಹರಾಜಿನ ತಾಣ ತೆರೆದ. ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಮರುವರ್ಷ ತಾಣದ ಆದಾಯ ಸಂಬಳ ಮೀರಿದ ಮೇಲೆ ಕೆಲಸ ಬಿಟ್ಟ.

ಕಳೆದ ಹತ್ತು ವರ್ಷಗಳಲ್ಲಿ ಭಾರತದಲ್ಲಿ ಹಬ್ಬಿದ ಮಾದರಿ ಇನ್ನೊಂದು ಬಗೆಯದು. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೀಶೋ ಅದಕ್ಕೆ ರೂಪ ಕೊಟ್ಟಿತು: ಮಾರುವವಳಿಗೆ ಗೋದಾಮಿಲ್ಲ, ಬಂಡವಾಳವಿಲ್ಲ, ಸರಕೂ ಇಲ್ಲ, ಚಿತ್ರಗಳನ್ನು ವಾಟ್ಸಾಪಿನಲ್ಲಿ ಪರಿಚಯಸ್ಥರಿಗೆ ಕಳಿಸಿ, ಮೂಲ ಬೆಲೆಯ ಮೇಲೆ ತನ್ನ ಲಾಭ ಸೇರಿಸಿ ಹೇಳುತ್ತಾಳೆ, ಬಟ್ಟೆ ಸೂರತ್ತಿನಿಂದಲೋ ತಿರುಪ್ಪೂರಿನಿಂದಲೋ ನೇರ ಗಿರಾಕಿಯ ಮನೆಗೆ ಹೋಗುತ್ತದೆ. ಹಳೆಯ ಪಾಲುದಾರಿಕೆ ಇಲ್ಲಿ ತಿರುವುಮುರುವಾಗಿದೆ. ಅಂದು ಗುಮಾಸ್ತನ ಕೈಯಲ್ಲಿದ್ದುದು ಬರೀ ಮುದ್ರೆ, ಉಳಿದದ್ದೆಲ್ಲ ಬನಿಯನ್‌ನದು. ಇಂದು ಮಾರುವವಳ ಕೈಯಲ್ಲಿರುವುದು ಬರೀ ಪರಿಚಯ, ಅಂದರೆ ನಾಲ್ಕು ಜನ ತನ್ನ ಮಾತು ನಂಬುತ್ತಾರೆಂಬುದು. ಮುದ್ರೆ ವೇದಿಕೆಯ ಬಳಿ ಇದೆ. ಹಾಗಾಗಿ ಧಣಿಯ ಯಾವ ವಸ್ತುವನ್ನು ನೌಕರ ಹೊತ್ತೊಯ್ದ ಎಂಬ ಪ್ರಶ್ನೆಯ ಎದುರಿಗೆ ಈಗ ಅದರ ಜೋಡಿ ಪ್ರಶ್ನೆಯೊಂದು ನಿಂತಿದೆ: ಅವಳ ಗಿರಾಕಿಗಳ ವಿಳಾಸ, ಅಳತೆ, ಅಭಿರುಚಿಗಳನ್ನೆಲ್ಲ ಹೊತ್ತೊಯ್ದವರು ಯಾರು? 1753ರಲ್ಲಿ ಬಂಗಾಳದಲ್ಲಿ ಕಂಪನಿ, ಅಲ್ಲಿಯವರೆಗೆ ಮುಂಗಡ ಹಣ ಪಡೆದು ನೇಕಾರರಿಂದ ಬಟ್ಟೆ ತರಿಸಿಕೊಡುತ್ತಿದ್ದ ದಾದನಿ ವರ್ತಕರನ್ನು ಕೈಬಿಟ್ಟು, ತನ್ನದೇ ಗುಮಾಸ್ತರನ್ನು ನೇಕಾರರ ಮನೆಬಾಗಿಲಿಗೆ ಕಳಿಸಿತು. ತಲೆಮಾರುಗಳಿಂದ ಆ ವರ್ತಕರು ಕಟ್ಟಿದ್ದ ಸಂಬಂಧಗಳ ಪಟ್ಟಿ ಅಷ್ಟು ಹೊತ್ತಿಗೆ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಬಂದು ಕೂತಿತ್ತು. ಮೀಶೋ ಕೂಡ 2021ರ ನಂತರ ನಡುವಿನವರನ್ನು ಬದಿಗಿಟ್ಟು, ಕೊಳ್ಳುವವರಿಗೆ ನೇರವಾಗಿ ಮಾರುವ ಕಡೆಗೆ ಹೊರಳಿತು.